ಭಾವನ ದುಡಿಮೆಗೆ ಸಾಕ್ಷಿ ಹುಡುಕಿದ್ದು

ಅಂಕೋಲಾ ಹತ್ತಿರ ಹೆದ್ದಾರಿ 66ರಲ್ಲಿ ಬೈಕಿಗೆ ಲಾರಿ ಬಡಿದು ನನ್ನ ಭಾವ ತೀರಿಕೊಂಡರು. ಕಾರವಾರದ ಬೈತಖೋಲ ಬಂದರಿನಿಂದ ಮೀನು ತಂದು ಊರೂರಲ್ಲಿ ಮಾರುತ್ತಿದ್ದವರು. ಮನೆಯಲ್ಲಿ ಅಕ್ಕ, ಇಬ್ಬರು ಮಕ್ಕಳು, ಭಾವನ ಅಮ್ಮ. ಪರಿಹಾರದ ಕೇಸಿಗೆ ಓಡಾಡಿದ್ದು ನಾನು. ಲಾರಿಯ ತಪ್ಪಿನ ಬಗ್ಗೆ ಕೋರ್ಟಿನಲ್ಲಿ ಅಷ್ಟೇನೂ ಜಗ್ಗಾಟ ಆಗಲಿಲ್ಲ. ಜಗ್ಗಾಟವೆಲ್ಲ ಒಂದೇ ಪ್ರಶ್ನೆಗೆ: ಭಾವ ತಿಂಗಳಿಗೆ ಎಷ್ಟು ದುಡಿಯುತ್ತಿದ್ದರು?

ಹದಿಮೂರನೇ ದಿನದ ಕಾರ್ಯವೂ ಮುಗಿದಿರಲಿಲ್ಲ, ಲಾರಿ ಕಡೆಯವರು ದುಡ್ಡು ಹಿಡಿದುಕೊಂಡು ರಾಜಿಗೆ ಬಂದರು. ಚಹಾ ಕೊಟ್ಟು ಕಳಿಸಿದೆವು. ಸಹಿ ಮಾತ್ರ ಹಾಕಲಿಲ್ಲ. ಅಂಥ ಹೊತ್ತಲ್ಲಿ ಯಾವ ಕಾಗದಕ್ಕೂ ಸಹಿ ಹಾಕಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆಮೇಲೆ ಠಾಣೆಯಿಂದ ಎಫ್‌ಐಆರ್, ಸ್ಥಳ ಪಂಚನಾಮೆ, ನಕ್ಷೆ, ಮರಣೋತ್ತರ ಪರೀಕ್ಷೆ ವರದಿ, ಲಾರಿಯ ಆರ್‌ಸಿ, ವಿಮೆ, ಚಾಲಕನ ಲೈಸೆನ್ಸ್ ಇವುಗಳ ನಕಲು ತೆಗೆದುಕೊಂಡೆ. ಭಾವ ಹೆಲ್ಮೆಟ್ ಹಾಕಿದ್ದರು ಅನ್ನುವುದು ಪಂಚನಾಮೆಯಲ್ಲಿ ಬಂದಿತ್ತು, ಅದರಿಂದ ಒಂದು ತಕರಾರು ತಪ್ಪಿತು.

2022ರ ಏಪ್ರಿಲ್ 1ರ ನಂತರದ ಅಪಘಾತಗಳಿಗೆ 6 ತಿಂಗಳೊಳಗೆ ಪರಿಹಾರದ ಅರ್ಜಿ ಹಾಕಬೇಕು ಎಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಚಾಲಕನ ಮೇಲಿನ ಕ್ರಿಮಿನಲ್ ಕೇಸು ಬೇರೆ, ಪರಿಹಾರದ ಕೇಸು ಬೇರೆ. ಅದು ಮುಗಿಯಲಿ ಅಂತ ಇದು ಕಾಯಬೇಕಿಲ್ಲ. ನಾವಿರುವ ಊರಿನ ವ್ಯಾಪ್ತಿಯ ಕೋರ್ಟಿನಲ್ಲೇ ಹಾಕಬಹುದು. ನಮ್ಮ ಕಡೆಯ ಎಷ್ಟೋ ಹುಡುಗರು ಗೋವಾದಲ್ಲಿ ಕೆಲಸಕ್ಕಿದ್ದಾರಲ್ವಾ, ಅಲ್ಲಿ ಅಪಘಾತವಾದರೂ ಮನೆಯವರು ಕಾರವಾರದಲ್ಲೇ ಕೇಸು ಹಾಕಬಹುದು. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರು ಪುಕ್ಕಟೆ.

ಈಗ ದುಡಿಮೆಯ ವಿಷಯ. ಮೀನು ಮಾರುವವರಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ಭಾವ ಒಂದು ಉದ್ದನೆಯ ಪಟ್ಟಿ ಪುಸ್ತಕ ಇಟ್ಟಿದ್ದರು. ಪುಟಪುಟಕ್ಕೂ ಮೀನಿನ ನೀರು ಕುಡಿದ ಕಲೆ. 'ಬಂಗಡೆ 2 ಬುಟ್ಟಿ', ಪಕ್ಕದಲ್ಲಿ ಕೊಟ್ಟ ದುಡ್ಡು, ಕೆಳಗೆ ಉಳಿದದ್ದು. ಅದರ ಜೊತೆ ಬ್ಯಾಂಕ್ ಪಾಸ್‌ಬುಕ್, ಫೋನ್‌ಪೇಯಲ್ಲಿ ಗಿರಾಕಿಗಳು ಹಾಕಿದ ಹಣದ ವಿವರ, ಬೈಕ್ ಸಾಲದ ಕಂತು, ಅಕ್ಕನ ಸಂಘದ ಸಾಲದ ಪುಸ್ತಕ ಎಲ್ಲ ಸೇರಿಸಿದೆ. ಅವರಿಗೆ ಮೀನು ಕೊಡುತ್ತಿದ್ದ ಬೋಟಿನವರೊಬ್ಬರು ಸಾಕ್ಷಿ ಹೇಳಲು ಬಂದರು. ವಿಮೆ ಕಂಪನಿ ವಕೀಲರು ಜಾಣರು. "ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ಬಂದ್ ಅಲ್ಲವೇ? ಆಗ ಏನು ಮಾರುತ್ತಿದ್ದರು?" ಅಂದರು. "ಬಂದ್ ಇರೋದು ಯಾಂತ್ರಿಕ ಬೋಟಿಗೆ. ನಾಡದೋಣಿ ಮೀನು ಬರ್ತದಲ್ರೀ. ಒಣಮೀನು ಬೇರೆ ಇರ್ತದೆ. ಮಳೆಗಾಲದಲ್ಲೇ ರೇಟು ಜಾಸ್ತಿ," ಅಂದರು ಬೋಟಿನವರು. ವಕೀಲರು ಮುಂದಿನ ಪ್ರಶ್ನೆಗೆ ಹೋದರು.

ದಾಖಲೆ ಯಾಕೆ ಇಷ್ಟು ಮುಖ್ಯ ಅಂದರೆ ಲೆಕ್ಕ ಹೀಗಿದೆ. ಸ್ವಂತ ದುಡಿಮೆಯವರು, ವಯಸ್ಸು 40ರ ಒಳಗಿದ್ದರೆ, ಮುಂದೆ ದುಡಿಮೆ ಹೆಚ್ಚುತ್ತಿತ್ತು ಅಂತ ಆದಾಯಕ್ಕೆ 40% ಸೇರಿಸುತ್ತಾರೆ. ಇದು ಸುಪ್ರೀಂ ಕೋರ್ಟಿನ 2017ರ ತೀರ್ಪು. ಅವರ ದುಡಿಮೆ ನಂಬಿದವರು ನಾಲ್ವರಿದ್ದರೆ, ತೀರಿಕೊಂಡವರ ಸ್ವಂತ ಖರ್ಚು ಅಂತ ಕಾಲು ಭಾಗ ಕಳೆಯುತ್ತಾರೆ. ಉಳಿದದ್ದನ್ನು ವರ್ಷಕ್ಕೆ ಮಾಡಿ, 36ರಿಂದ 40ರ ವಯಸ್ಸಿಗೆ 15ರಿಂದ ಗುಣಿಸುತ್ತಾರೆ. ಭಾವನ ಆದಾಯ ತಿಂಗಳಿಗೆ 15,000 ಎಂದು ಕೋರ್ಟು ಒಪ್ಪಿತು. 28,35,000 ರೂಪಾಯಿ ಬಂತು. ಶವಸಂಸ್ಕಾರದ ಖರ್ಚು ಮುಂತಾದವು ಇದರ ಮೇಲೆ. ನೀವೇ ಗುಣಿಸಿ ನೋಡಿ, ತಿಂಗಳ ಆದಾಯದಲ್ಲಿ ಒಂದು ಸಾವಿರ ಹೆಚ್ಚು ಕಮ್ಮಿಯಾದರೆ ಕೊನೆಗೆ 1,89,000 ಹೆಚ್ಚು ಕಮ್ಮಿ. ಲೋಕ ಅದಾಲತ್‌ನಲ್ಲಿ ಕಂಪನಿಯವರು ಒಂದು ಮೊತ್ತ ಹೇಳಿದಾಗ ಈ ಲೆಕ್ಕ ಗೊತ್ತಿದ್ದಿದ್ದಕ್ಕೇ ನಾವು ಬೇಡ ಅನ್ನಲು ಆಯಿತು. ಅದಾಲತ್ ಕೆಟ್ಟದ್ದಲ್ಲ, ಬೇಗ ಮುಗಿಯುತ್ತದೆ. ಆದರೆ ಅಲ್ಲಿ ಒಪ್ಪಿದ ಮೇಲೆ ಮೇಲ್ಮನವಿ ಇಲ್ಲ.

ವಯಸ್ಸಿನದ್ದೂ ಒಂದು ರಗಳೆ. ಆಧಾರ್‌ನಲ್ಲಿ ಜನವರಿ 1 ಅಂತ ಯಾರೋ ಸುಮ್ನೆ ಬರೆಸಿದ್ದರು. ಅದರ ಪ್ರಕಾರ ಭಾವನಿಗೆ 41. ಶಾಲೆಯ ಟಿಸಿ ಪ್ರಕಾರ 38. ಆಧಾರ್ ಹಿಡಿದರೆ 40% ಬದಲು 25%, 15ರ ಬದಲು 14. ಅಲ್ಲೇ 4,72,500 ಹೋಗುತ್ತಿತ್ತು. ಶಾಲೆಗೆ ಹೋಗಿ ಹಳೇ ರಿಜಿಸ್ಟರ್‌ನಿಂದ ದೃಢೀಕರಿಸಿದ ಪ್ರತಿ ತಂದೆ. ವಯಸ್ಸಿಗೆ ಆಧಾರ್‌ಗಿಂತ ಶಾಲೆಯ ದಾಖಲೆ ನಂಬಬೇಕು ಎಂದು ಸುಪ್ರೀಂ ಕೋರ್ಟು 2024ರಲ್ಲಿ ಹೇಳಿದೆ. ನಮ್ಮ ವಕೀಲರು ಅದನ್ನೇ ತೋರಿಸಿದರು.

ಹಣ ಪೂರ್ತಿ ಕೈಗೆ ಬರುವುದಿಲ್ಲ. ಮಕ್ಕಳ ಪಾಲು ಅವರಿಗೆ 18 ಆಗುವವರೆಗೆ ಬ್ಯಾಂಕಿನಲ್ಲಿ ಎಫ್‌ಡಿ. ಅಕ್ಕನ ಪಾಲಿನಲ್ಲೂ ಒಂದಿಷ್ಟು ಹಾಗೇ ಇಟ್ಟರು. ಎಫ್‌ಡಿ ಬಡ್ಡಿಯನ್ನು ಆಗಾಗ ತಾಯಿಯ ಖಾತೆಗೆ ಹಾಕುವಂತೆ ಆದೇಶದಲ್ಲೇ ಬರೆಸಿಕೊಳ್ಳಲು ವಕೀಲರಿಗೆ ಮೊದಲೇ ಹೇಳಿಡಿ. ಆಮೇಲೆ ಮಕ್ಕಳ ಶಾಲೆ ಫೀಸು ಕಟ್ಟಲು ಅಸಲಿನಿಂದ ತೆಗೆಯಬೇಕಾದರೆ ಮತ್ತೆ ಕೋರ್ಟಿಗೇ ಅರ್ಜಿ ಹಾಕಬೇಕಾಗುತ್ತದೆ.