ರಸೀದಿ ಸಂಖ್ಯೆಯ ಕೊನೆಯ ಅಂಕಿ ಬದಲಾಗುತ್ತಿದ್ದಾಗ

ಮಲ್ಪೆ ಬಂದರಿನ ಮೀನು ವ್ಯಾಪಾರಿಯೊಬ್ಬರ ಲೆಕ್ಕದ ತಂತ್ರಾಂಶದಲ್ಲಿ ಎರಡು ಬೋಟುಗಳ ರಸೀದಿಗಳಿಗೆ ಒಂದೇ ಸಂಖ್ಯೆ ಕಾಣಿಸುತ್ತಿತ್ತು. “ಯಾವ ಬೋಟಿನ ಹಣವನ್ನು ಯಾರಿಗೆ ಕೊಡುವುದು ಸರ್?” ಎಂದು ಗುಮಾಸ್ತರು ಕೇಳಿದರು. ನ್ಯಾಯವಾದ ಪ್ರಶ್ನೆ.

ಡೇಟಾಬೇಸ್‌ನಲ್ಲಿ ಸಂಖ್ಯೆಗಳು ಸರಿಯಾಗಿಯೇ ಇದ್ದವು. ಸರ್ವರ್ ಮಾಹಿತಿ ಸಾಗಿಸಲು ಬಳಸುವ ಜೇಸನ್ ಎಂಬ ರೂಪದ ಪಠ್ಯದಲ್ಲಿಯೂ 9007199254740993 ಎಂದೇ ಇತ್ತು. ಬ್ರೌಸರ್ ಅದನ್ನು ಓದಿಕೊಂಡ ಮರುಕ್ಷಣ ಕೊನೆಯ 3 ಹೋಗಿ 2 ಬಂದಿತ್ತು! ಬ್ರೌಸರ್‌ನಲ್ಲಿ ಓಡುವ ಭಾಷೆಯಾದ ಜಾವಾಸ್ಕ್ರಿಪ್ಟ್ ಸಾಮಾನ್ಯ ಸಂಖ್ಯೆಗಳನ್ನು 64 ಬಿಟ್‌ಗಳ ಫ್ಲೋಟಿಂಗ್ ಪಾಯಿಂಟ್ ರೂಪದಲ್ಲಿ, ಅಂದರೆ ದಶಮಾಂಶಗಳಿಗೂ ಹೊಂದುವ ರೂಪದಲ್ಲಿ, ಇಡುತ್ತದೆ. ನಿಖರತೆಗೆ ಸಿಗುವುದು 53 ಬಿಟ್ ಮಾತ್ರ. ಹಾಗಾಗಿ 9007199254740991 ದಾಟಿದ ಮೇಲೆ ಎಲ್ಲ ಪೂರ್ಣಾಂಕಗಳಿಗೂ ಜಾಗವಿಲ್ಲ. ಮೊದಲು ಬೆಸ ಸಂಖ್ಯೆಗಳು ಬಿದ್ದುಹೋಗುತ್ತವೆ, ಮುಂದೆ ಅಂತರ ಇನ್ನೂ ಹಿಗ್ಗುತ್ತದೆ. ದೋಷದ ಸೂಚನೆಯೇ ಬರುವುದಿಲ್ಲ. ನನಗೆ ಕೋಪ ಬರಿಸುವುದು ಅದೇ.

ಸರ್ವರ್‌ನಿಂದಲೇ ಸಂಖ್ಯೆಯನ್ನು ಉದ್ಧರಣ ಚಿಹ್ನೆಗಳೊಳಗೆ ಸ್ಟ್ರಿಂಗ್ ಆಗಿ, ಅಂದರೆ ಬರೀ ಪಠ್ಯವಾಗಿ, ಕಳುಹಿಸಿದೆ. ರಸೀದಿ ಸಂಖ್ಯೆಯನ್ನು ಯಾರೂ ಕೂಡಿ ಕಳೆಯುವುದಿಲ್ಲ, ಅದು ಬೋಟಿನ ಹೆಸರಿದ್ದಂತೆ. ಬ್ರೌಸರ್ ಸಂಖ್ಯೆಯಾಗಿ ಓದಿಕೊಂಡ ಮೇಲೆ, ದೊಡ್ಡ ಪೂರ್ಣಾಂಕಗಳನ್ನೂ ನಿಖರವಾಗಿ ಇಡುವ ಬಿಗ್‌ಇಂಟ್ ಎಂಬ ರೂಪಕ್ಕೆ ಬದಲಿಸಿದರೆ ಪ್ರಯೋಜನವಿಲ್ಲ, ಅಷ್ಟರಲ್ಲಿ ಅಂಕಿ ಕೆಟ್ಟಿರುತ್ತದೆ.

ಮುಂದಿನ ರಸೀದಿ ಸಂಖ್ಯೆಯನ್ನು ತೋರಿಸುವ ಒಂದು ಪುಟದಲ್ಲಿ ಮಾತ್ರ ಲೆಕ್ಕ ಬೇಕಿತ್ತು. ಅಲ್ಲಿ ಸ್ಟ್ರಿಂಗ್‌ನಿಂದ ನೇರವಾಗಿ ಬಿಗ್‌ಇಂಟ್ ಮಾಡಿಕೊಂಡೆ. ಇದು 2020ರ ಜಾವಾಸ್ಕ್ರಿಪ್ಟ್ ಮಾನಕದಲ್ಲಿ ಸೇರಿದ ಸೌಲಭ್ಯ. ಕೂಡಿಸುವ 1 ಕೂಡ ಬಿಗ್‌ಇಂಟ್ ಆಗಿರಬೇಕು, ಸಾಮಾನ್ಯ 1 ಬೆರೆಸಿದರೆ ಟೈಪ್‌ಎರರ್ ಎಂಬ ದೋಷ ಬರುತ್ತದೆ. ಬಿಗ್‌ಇಂಟ್ ಅನ್ನು ಜೇಸನ್‌ಗೆ ನೇರವಾಗಿ ಹಾಕಲೂ ಆಗದು. ಸರ್ವರ್‌ಗೆ ಮರಳಿಸುವಾಗ ಮತ್ತೆ ಸ್ಟ್ರಿಂಗ್ ಮಾಡುತ್ತೇನೆ. 991, 992, 993ರಲ್ಲಿ ಕೊನೆಯಾಗುವ ಆ ಮೂರು ಸಂಖ್ಯೆಗಳನ್ನು ಪರೀಕ್ಷೆಗಳಲ್ಲಿ ಕಾಯಂ ಆಗಿ ಸೇರಿಸಿದ್ದೇನೆ.