ಪುಣೆಯ ಬಾಲ್ಕನಿಯಲ್ಲಿ ಹಿಮಾಲಯದ ಜೆರೇನಿಯಂ

ಪುಣೆಯ ನರ್ಸರಿಗಳಲ್ಲಿ ಜೆರೇನಿಯಂ ಕೇಳಿದಾಗಲೆಲ್ಲ ನನಗೆ ಸಿಕ್ಕಿದ್ದು ದಪ್ಪ ಕಾಂಡದ, ಕೆಂಪು ಗೊಂಚಲಿನ ಗಿಡವೇ. ಅದು ನಿಜವಾದ ಜೆರೇನಿಯಂ ಅಲ್ಲ, ಪೆಲಾರ್ಗೋನಿಯಂ, ದಕ್ಷಿಣ ಆಫ್ರಿಕಾ ಕಡೆಯದು. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೀಯಸ್ ಎರಡನ್ನೂ ಜೆರೇನಿಯಂ ಎಂಬ ಒಂದೇ ಕುಲದಲ್ಲಿ ಇಟ್ಟಿದ್ದ. 1789ರಲ್ಲಿ ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಲೆರಿಟಿಯೇ ಅವನ್ನು ಬೇರೆ ಮಾಡಿದರೂ ತೋಟಗಾರರ ಬಾಯಲ್ಲಿ ಹಳೆಯ ಹೆಸರೇ ಉಳಿದುಕೊಂಡಿತು. ಒಂಟಿ ಸುತ್ತಿನ ಹೂವಾದರೆ ಗುರುತು ಸುಲಭ. ಐದೂ ಎಸಳು ಒಂದೇ ಅಳತೆಯಲ್ಲಿದ್ದರೆ ಜೆರೇನಿಯಂ. ಮೇಲಿನ ಎರಡು ಒಂದು ಬಗೆ, ಕೆಳಗಿನ ಮೂರು ಇನ್ನೊಂದು ಬಗೆ ಇದ್ದರೆ ಪೆಲಾರ್ಗೋನಿಯಂ. ಎರಡು ಹೆಸರೂ ಗ್ರೀಕ್‌ನಿಂದ ಬಂದವು, ಎರಡೂ ಹಕ್ಕಿಗಳವೇ: ಮೊದಲನೆಯದು ಕ್ರೌಂಚ, ಎರಡನೆಯದು ಕೊಕ್ಕರೆ. ಕಾಯಿಯ ಉದ್ದನೆಯ ಕೊಕ್ಕು ನೋಡಿದವರಿಗೆ ಕಾರಣ ಕೇಳಬೇಕಾಗಿಲ್ಲ.

ನರ್ಸರಿಯ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಮರಾಠಿಯಲ್ಲಿ ಹೂಕುಂಡಕ್ಕೆ ಕುಂಡಿ ಎನ್ನುತ್ತಾರೆ. ‘ಕುಂಡಿ ಎಷ್ಟು ದೊಡ್ಡದು ಬೇಕು?’ ಎಂದು ಮಾಳಿ ಬಲು ಗಂಭೀರವಾಗಿ ಕೇಳಿದಾಗ, ಧಾರವಾಡದಿಂದ ಬಂದಿದ್ದ ನನ್ನ ತಂಗಿ ಬಾಯಿಗೆ ಸೆರಗು ಅಡ್ಡ ಹಿಡಿದು ರಸ್ತೆಗೆ ಓಡಿದ್ದಳು.

ನನಗೆ ಬೇಕಿದ್ದ ಗಿಡ ಸಿಕ್ಕಿದ್ದು 2021ರ ಸೆಪ್ಟೆಂಬರ್ ಕೊನೆಯಲ್ಲಿ, ಹಿಮಾಚಲದಲ್ಲಿ. ಜಲೋರಿ ಘಾಟಿಯ ಕೆಳಗಿನ ಹಳ್ಳಿಯೊಂದರಲ್ಲಿ ನಾವು ಉಳಿದಿದ್ದ ಮನೆಯ ಹಿತ್ತಲಿನ ಕಲ್ಲುಗೋಡೆಯ ತುಂಬ ನೀಲಿಮಿಶ್ರಿತ ನೇರಳೆ ಹೂಗಳು; ನಡುವೆ ಬಿಳಿಚು, ಅದರೊಳಗೆ ಕಪ್ಪು ಕೇಸರ. ಜೆರೇನಿಯಂ ವಾಲಿಚಿಯಾನಂ. ಕಲಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಕನಾಗಿದ್ದ ಡೆನ್ಮಾರ್ಕಿನ ವಾಲಿಚ್‌ನ ಹೆಸರು ಅದಕ್ಕಿದೆ. ಇಂಗ್ಲೆಂಡಿನ ತೋಟಗಾರರು ತಲೆಯ ಮೇಲೆ ಹೊತ್ತು ಮೆರೆಸುವ ‘ರೋಝಾನ್’ ತಳಿ ಸಾಮರ್‌ಸೆಟ್‌ನ ತೋಟವೊಂದರಲ್ಲಿ ಹುಟ್ಟಿತು, ನಿಜ. ಆದರೆ ಅದರ ತಂದೆತಾಯಿ ಇಬ್ಬರೂ ಹಿಮಾಲಯದವರೇ: ಒಂದು ಈ ವಾಲಿಚಿಯಾನಂ, ಇನ್ನೊಂದು ಹಿಮಾಲಯೆನ್ಸ್.

ಮನೆಯೊಡತಿಯನ್ನು ಕೇಳಿ ಬೀಜಕ್ಕೆ ಕೈಹಾಕಿದೆ. ಕಪ್ಪಾಗಿದ್ದ ಒಂದು ಕೊಕ್ಕನ್ನು ಮುಟ್ಟಿದ್ದೇ ತಡ, ಟಕ್ ಎಂದು ಬೀಜ ಹಾರಿ ಕನ್ನಡಕಕ್ಕೆ ಬಡಿಯಿತು. ಕರ್ಣಕುಂಡಲದ ಕಾಯಿ ಸಿಡಿಸಿ ಆಡಿದವರಿಗೆ ಇದು ಹೊಸದೆನಿಸದು, ಆದರೆ ಇದರ ವಿಧಾನ ಬೇರೆ. ಕೊಕ್ಕಿನ ಬುಡದಲ್ಲಿ ಐದು ಬೀಜ, ಪ್ರತಿಯೊಂದಕ್ಕೂ ಒಂದು ಪಟ್ಟಿ. ಒಣಗಿದಾಗ ಪಟ್ಟಿಗಳು ಬುಡದಿಂದ ಬಿಡಿಸಿಕೊಂಡು ಸರಕ್ಕನೆ ಮೇಲಕ್ಕೆ ಸುರುಳಿಯಾಗುತ್ತವೆ, ಬೀಜವನ್ನು ಕವಣೆಕಲ್ಲಿನಂತೆ ಎಸೆಯುತ್ತವೆ. ಆಮೇಲೆ ಕರವಸ್ತ್ರ ಮುಚ್ಚಿ ಹಿಡಿದೆ. ಇಪ್ಪತ್ತನಾಲ್ಕು ಸಿಕ್ಕವು.

ಈ ಬೀಜಗಳ ಸಿಪ್ಪೆ ಗಟ್ಟಿ. ಉಪ್ಪುಕಾಗದದ ಮೇಲೆ ಒಂದೆರಡು ಸಲ ಉಜ್ಜಿ, ಒದ್ದೆ ಕಾಗದದಲ್ಲಿ ಸುತ್ತಿ, ಡಬ್ಬಿಯಲ್ಲಿ ಹಾಕಿ, ಫ್ರಿಜ್ಜಿನಲ್ಲಿ ಮಾವಿನ ತೊಕ್ಕಿನ ಪಕ್ಕ ಆರು ವಾರ ಇಟ್ಟೆ. ಡಿಸೆಂಬರಿನಲ್ಲಿ ಏಳು ಮೊಳೆತವು.

ಆಮೇಲೆ ಬಂದದ್ದು ಪುಣೆಯ ಏಪ್ರಿಲ್. ಹಿಮವನ್ನೇ ತಡೆದುಕೊಳ್ಳುವ ಗಿಡಕ್ಕೆ ಏನಾದೀತು ಎಂಬ ಧೈರ್ಯದಲ್ಲಿ ಪ್ಲಾಸ್ಟಿಕ್ ಕುಂಡಗಳನ್ನು ಪಡುವಣ ಗೋಡೆಗೆ ಸಾಲಾಗಿ ಇಟ್ಟಿದ್ದೆ. ನಾಲ್ಕು ಸತ್ತವು. ಎಲೆ ಬಾಡಿದ್ದು ಕಂಡು ನೀರು ಹಾಕಿದೆ, ಇನ್ನಷ್ಟು ಬಾಡಿದವು. ಐದನೆಯ ದಿನ ಮಣ್ಣಿಗೆ ಬೆರಳಿಟ್ಟಾಗ ಗೊತ್ತಾಯಿತು, ಒಳಗೆ ಸ್ನಾನದ ನೀರಿನಷ್ಟು ಬಿಸಿ. ಬೇರನ್ನು ಬೇಯಿಸುತ್ತಿದ್ದೆ. ಉಳಿದ ಮೂರನ್ನು ಪೂರ್ವದ ಬಾಲ್ಕನಿಗೆ ತಂದು, ಮಣ್ಣಿನ ಕುಂಡವನ್ನು ಇನ್ನೂ ದೊಡ್ಡ ಮಣ್ಣಿನ ಕುಂಡದೊಳಗೆ ಇಳಿಸಿ, ನಡುವಿನ ಎರಡು ಬೆರಳು ಜಾಗಕ್ಕೆ ಮರಳು ತುಂಬಿದೆ. ನೀರು ಬೆಳಿಗ್ಗೆ ಸಂಜೆ ಮರಳಿಗೆ, ಗಿಡಕ್ಕೆ ಬೇಕೆನಿಸಿದಾಗ ಮಾತ್ರ. ಮಡಕೆಯ ನೀರು ತಂಪಾಗುವ ಲೆಕ್ಕವೇ ಇದು. ಪುಣೆಯ ಬೇಸಿಗೆ ಒಣಹವೆಯದ್ದಾದ್ದರಿಂದ ಉಪಾಯ ನಡೆಯುತ್ತದೆ. ಮುಂಬೈಯ ಜಿಗುಟು ಸೆಖೆಯಲ್ಲಿ ಅಷ್ಟಾಗಿ ನಡೆಯದು.

ಮಳೆಗಾಲಕ್ಕೆ ಬೇರೆಯೇ ಶಿಸ್ತು. ಇಂಗ್ಲೆಂಡಿನಲ್ಲಿ ಮೊದಲ ಹೂವಿನ ಸರದಿ ಮುಗಿದ ಮೇಲೆ ಹೊಸ ಎಲೆ ಬರಲೆಂದು ಗಿಡವನ್ನು ನೆಲಮಟ್ಟಕ್ಕೆ ಕತ್ತರಿಸುತ್ತಾರೆ. ನಾನು ಜೂನ್ ಕೊನೆಯಲ್ಲಿ ಮುಷ್ಟಿಯಷ್ಟು ಉಳಿಸಿ ಕತ್ತರಿಸುವುದು ಬುಡಕ್ಕೆ ಗಾಳಿ ಸಿಗಲೆಂದು. ಮರಳು ತೆಗೆದು ಒಳಕುಂಡವನ್ನು ಸೂರಿನಡಿ ಇಟ್ಟಿಗೆಯ ಮೇಲೆ ಇಡುತ್ತೇನೆ, ಬುಡದ ಸುತ್ತ ಸಣ್ಣ ಜಲ್ಲಿ, ಗೊಬ್ಬರ ಬಂದ್. ಇಷ್ಟಾದರೂ ಆಗಸ್ಟಿನಲ್ಲಿ ಒಂದು ಹೋಯಿತು. ಚಮಚದಿಂದ ಮಣ್ಣು ಕೆದರಿದರೆ ಬುಡ ಕೊಳೆತ ಬಾಳೆಹಣ್ಣಿನಂತೆ ಚಮಚಕ್ಕೇ ಅಂಟಿಕೊಂಡು ಬಂತು.

ನವೆಂಬರಿನ ಚಳಿಗೆ ಉಳಿದೆರಡೂ ಎದ್ದವು. ನಮ್ಮ ಚಳಿಗಾಲವೇ ಇದಕ್ಕೆ ಬೇಸಿಗೆ ಎಂದು ತಿಳಿದ ಮೇಲೆ ಹೊರಗಿನ ಪುಸ್ತಕಗಳ ತಿಂಗಳ ಲೆಕ್ಕ ನೋಡುವುದನ್ನು ಬಿಟ್ಟಿದ್ದೇನೆ. 2023ರ ಜನವರಿಯಲ್ಲಿ ಮೊದಲ ಹೂ ಅರಳಿತು, ಎರಡು ರೂಪಾಯಿ ನಾಣ್ಯಕ್ಕಿಂತ ತುಸು ಅಗಲ. ಮೊದಲು ಹತ್ತು ಕೇಸರಗಳು ಪರಾಗ ಉದುರಿಸಿದವು. ಅವು ಬಾಡಿದ ಮೇಲೆಯೇ ನಡುವಿನ ಶಲಾಕೆ ಐದು ಕವಲಾಗಿ ಬಿಚ್ಚಿಕೊಂಡಿತು. ಆ ಋತುವಿನಲ್ಲಿ ಎರಡು ಗಿಡಕ್ಕೂ ಸೇರಿ ಒಂಬತ್ತು ಹೂ. ‘ಇಷ್ಟಕ್ಕೆ ಇಷ್ಟೆಲ್ಲ ಯಾಕೆ, ದಾಸವಾಳ ಇಡಬಾರದೇ?’ ಎಂದರು ಎದುರುಮನೆಯವರು. ಅವರ ಮಾತು ತಪ್ಪಲ್ಲ. ಬಾಲ್ಕನಿಗೆ ಬಣ್ಣ ಬೇಕಿದ್ದರೆ ಪೆಲಾರ್ಗೋನಿಯಂ ತನ್ನಿ.

ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಜೆರೇನಿಯಂ ಬುಡವನ್ನು ಕೆಲವು ವರ್ಷಕ್ಕೊಮ್ಮೆ ಸೀಳಿ ನೆಡಬೇಕೆಂಬ ಸಾಮಾನ್ಯ ಸಲಹೆ ನಂಬಿ, ಫೆಬ್ರವರಿಯಲ್ಲಿ ಒಂದನ್ನು ಚಾಕುವಿನಿಂದ ಎರಡು ಮಾಡಿದೆ. ವಾಲಿಚಿಯಾನಂಗೆ ಇರುವುದು ತಾಯಿಬೇರು, ಅದನ್ನು ಸೀಳುವಂತಿಲ್ಲ. ಎರಡು ಹೋಳೂ ವಾರದಲ್ಲಿ ಒಣಗಿದವು.

ಉಳಿದ ಒಂದೇ ಗಿಡ ಮಾರ್ಚ್‌ನಲ್ಲಿ ಒಂದು ಕೊಕ್ಕು ಬಿಟ್ಟಿತು. ಖಾಲಿ ಮಾಡಿ ತೊಳೆದ ಚಹಾ ಚೀಲವೊಂದನ್ನು ಅದಕ್ಕೆ ಟೋಪಿಯಂತೆ ತೊಡಿಸಿ ದಾರ ಕಟ್ಟಿದೆ. ಒಂದು ಮಧ್ಯಾಹ್ನ ಚೀಲ ಅಲುಗಿದ್ದು ಕಂಡು ಬಿಚ್ಚಿದೆ: ಐದರಲ್ಲಿ ಎರಡು ಜೊಳ್ಳು, ಮೂರು ಗಟ್ಟಿ. ಮೂರನ್ನೂ ಕಾಗದದ ಪೊಟ್ಟಣದಲ್ಲಿ ಕಟ್ಟಿ, ಅಕ್ಟೋಬರ್ ಎಂದು ಬರೆದು, ಫ್ರಿಜ್ಜಿನ ಬಾಗಿಲಿನ ಅರೆಯಲ್ಲಿಟ್ಟೆ.