ಮೊದಲ ಡಿಗ್ರಿ ಅಧ್ಯಕ್ಷರ ಹಾಲಿಗೆ

ನಾನು ನಮ್ಮೂರ ಡೈರಿಯ ಅಧ್ಯಕ್ಷನಾದಾಗ ದಿನಕ್ಕೆ ಸುಮಾರು 600 ಲೀಟರ್ ಹಾಲು ಬರುತ್ತಿತ್ತು. ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ) ಶೇ 8.5 ಮುಟ್ಟಿದ ದಿನವೇ ಅಪರೂಪ. ದರದಲ್ಲಿ ಕಡಿತ, ಬಟವಾಡೆ ದಿನ ಜಗಳ. 'ಅಧ್ಯಕ್ಷ ನೆಟ್ಟಗಿದ್ದರೆ ಹಾಲು ಗಟ್ಟಿಯಾಗುತ್ತಾ?' ಎಂದು ನಕ್ಕವರೇ ಹೆಚ್ಚು. ಗಟ್ಟಿಯಾಯಿತು. ಆದರೆ ಅದಕ್ಕೆ ಮುಂಚೆ ಸುರಿದ ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ.

ಮೊದಲು ಕ್ಯಾಮೆರಾ ಹಾಕಿಸಿದೆ, 14 ಸಾವಿರ ಹೋಯಿತು. ನೀರು ಬೆರೆಯುವುದು ಮನೆ ಹಿತ್ತಲಲ್ಲಿ, ಕ್ಯಾಮೆರಾ ಇದ್ದದ್ದು ಡೈರಿ ಬಾಗಿಲಲ್ಲಿ. ಆಮೇಲೆ ಕಟ್ಟುನಿಟ್ಟು ಮಾಡಿದೆ: ಹಾಲಿನ ಗಟ್ಟಿತನ ಅಳೆಯುವ ಲ್ಯಾಕ್ಟೋಮೀಟರ್ 26 ಡಿಗ್ರಿಗಿಂತ ಕೆಳಗೆ ತೋರಿಸಿದರೆ ಹಾಲು ವಾಪಸ್. ವಾರದೊಳಗೆ ಹತ್ತು ಹನ್ನೆರಡು ಮಂದಿ ಖಾಸಗಿ ವ್ಯಾನಿಗೆ ಹಾಲು ಹಾಕತೊಡಗಿದರು. ಎರಡೇ ಹಸು ಕಟ್ಟಿಕೊಂಡ ಹೆಂಗಸೊಬ್ಬಳು ಸಾಲಿನಲ್ಲೇ ನಿಂತು ಕೇಳಿದಳು: "ನಮ್ ಹಾಲ್ಗೆ ಮಾತ್ರ ಡಿಗ್ರಿ ಹಾಕ್ತೀರಲ್ಲಣ್ಣ, ನಿಮ್ಮನೆ ಹಾಲೇನು ತೀರ್ಥವಾ?"

ನಿಜವೇ. ಅಧ್ಯಕ್ಷರು, ನಿರ್ದೇಶಕರ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಸುವ ಧೈರ್ಯ ನಮ್ಮ ಕಾರ್ಯದರ್ಶಿಗೆ ಇರಲಿಲ್ಲ.

ಮರುದಿನದಿಂದ ಬೆಳಿಗ್ಗೆ 6 ಗಂಟೆಗೆ ಮೊದಲ ಕ್ಯಾನು ನಮ್ಮ ಮನೆಯದು, ಎಲ್ಲರೆದುರೇ ಪರೀಕ್ಷೆ. ನಾಲ್ಕನೇ ದಿನ 25 ಬಂತು! ಕ್ಯಾನು ತೊಳೆದ ನೀರನ್ನು ಆಳು ಹುಡುಗ ಪೂರ್ತಿ ಬಗ್ಗಿಸಿರಲಿಲ್ಲ. ಕಾರ್ಯದರ್ಶಿ ನನ್ನ ಮುಖ ನೋಡಿದರು. "ವಾಪಸ್ ಅಂತ ಬರೀರಿ" ಎಂದೆ. ಆರು ಲೀಟರ್ ಹೊತ್ತುಕೊಂಡು ಬೀದಿಯಲ್ಲಿ ಬಂದೆ, ಹೆಂಡತಿ ಎರಡು ದಿನ ಮಾತಾಡಲಿಲ್ಲ. ಆ ತಿಂಗಳಲ್ಲೇ ವ್ಯಾನಿಗೆ ಹೋದವರಲ್ಲಿ ಅರ್ಧ ಜನ ವಾಪಸ್ ಬಂದರು. ಕ್ಯಾಮೆರಾಗೆ ಆಗದ್ದು ಆ ಆರು ಲೀಟರಿಗೆ ಆಯಿತು.

ಡೈರಿಯಿಂದ ಸಾಲಕ್ಕೆ ಒಯ್ದ ಫೀಡ್, ಅಂದರೆ ಪಶು ಆಹಾರದ ಬಾಕಿಯದೂ ಹೀಗೇ. 70-80 ಸಾವಿರ ನಿಂತಿತ್ತು. ಪಟ್ಟಿ ಬೋರ್ಡಿಗೆ ಅಂಟಿಸಿದೆ, ಮೊದಲ ಹೆಸರು ನಮ್ಮಣ್ಣನದೇ. ಅವನು ಬೈದುಕೊಂಡೇ ಕಟ್ಟಿದ, ಉಳಿದವರು ಬೈಯದೆ ಕಟ್ಟಿದರು.

ನಡುವೆ ಅಜೋಲ್ಲಾ (ಹಸುಗಳಿಗೆ ಮೇವಾಗುವ, ನೀರಲ್ಲಿ ತೇಲಿ ಬೆಳೆಯುವ ಪುಟ್ಟ ಸಸ್ಯ) ಹುಚ್ಚೂ ಹಿಡಿದಿತ್ತು. ಟಾರ್ಪಾಲಿನ ತೊಟ್ಟಿಗೆ ಎರಡೂವರೆ ಸಾವಿರ, ಬೇಸಿಗೆಗೆ ಎಲ್ಲ ಸುಟ್ಟು ಕರಕಲು. ಹಸುಗಳಿಗೆ ಜೋಳದ ನುಚ್ಚು ಸೇರಿಸಿದ ಮೇಲೆ ಎಸ್‌ಎನ್‌ಎಫ್ ಒಂಚೂರು ಏರಿದ್ದು ನಿಜ. ಎಷ್ಟು ನುಚ್ಚು, ಯಾವಾಗ ಎನ್ನುವುದು ನಮ್ಮ ಮನೆ ಗುಟ್ಟು. ಲಾರಿಗೆ ಹೋಗುವ ಕ್ಯಾನಿನಲ್ಲಿ ಹಾಲು ಕಡಿಮೆಯಾಗುತ್ತಿದ್ದುದನ್ನು ಹಿಡಿದ ಉಪಾಯವನ್ನೂ ಬರೆಯುವುದಿಲ್ಲ, ಅದು ಇನ್ನೂ ಬಳಕೆಯಲ್ಲಿದೆ.

ಎರಡನೇ ವರ್ಷಕ್ಕೆ ಹಾಲು 750 ಲೀಟರ್ ದಾಟಿತು, ಬೋನಸ್ಸೇ ಲಕ್ಷದ ಆಸುಪಾಸು ಹಂಚಿದೆವು. ಸುತ್ತಲ ನಾಲ್ಕು ಡೈರಿಯಲ್ಲಿ ಯಾರೂ ಅಷ್ಟು ಕೊಟ್ಟಿರಲಿಲ್ಲ.

ನನಗೆ ನಿಜಕ್ಕೂ ಕಷ್ಟವಾದದ್ದು ಸೋದರಮಾವನ ವಿಷಯ. ಸರ್ಕಾರ ಲೀಟರಿಗೆ ಕೊಡುವ 5 ರೂಪಾಯಿ ಪ್ರೋತ್ಸಾಹಧನಕ್ಕಾಗಿ, ಊರಾಚೆಯ ಹಾಲನ್ನು ತನ್ನ ಪಾಸ್‌ಪುಸ್ತಕದಲ್ಲಿ ಬರೆಸಿಕೊಳ್ಳಲು ಕೇಳಿದರು. ದಿನಕ್ಕೆ 20 ಲೀಟರ್, ತಿಂಗಳಿಗೆ 3 ಸಾವಿರ. "ಯಾರಿಗೆ ಗೊತ್ತಾಗುತ್ತೆ ಕಣೋ" ಎಂದರು. ಅವರ ಕೊಟ್ಟಿಗೆಯಲ್ಲಿ ಎಷ್ಟು ಹಸುವಿದೆ ಎಂಬುದು ಸಾಲಿನಲ್ಲಿ ನಿಲ್ಲುವ ಎಲ್ಲರಿಗೂ ಗೊತ್ತು. ಆಗಲ್ಲ ಎಂದೆ. ಮಗಳ ಮದುವೆಗೆ ಕರೆಯಲಿಲ್ಲ. ಹಾಲು ಮಾತ್ರ ಈಗಲೂ ನಮ್ಮ ಡೈರಿಗೇ ಹಾಕುತ್ತಾರೆ, 28 ಡಿಗ್ರಿ.